ಬೀಗ ಹಾಕಿದ ಪುಸ್ತಕ, ಬಸ್ಸಿಗೆ ಹೋದ ಫೋನು

ಪುಸ್ತಕ ಕೊಂಡೆ ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೇನಲ್ಲ, ಅದು ಪೂರ್ತಿ ನಿಜವಲ್ಲ. ದುಡ್ಡು ಕೊಟ್ಟದ್ದು ನಿಜ, ಫೋನಿನಲ್ಲಿ ಅದರ ಮುಖಪುಟ ಹೊಳೆಯುವುದೂ ನಿಜ. ಆದರೆ ಅದನ್ನು ಮೂಸಿ ನೋಡಲಾರೆ, ಎದೆಯ ಮೇಲೆ ಮಗುಚಿಕೊಂಡು ನಿದ್ದೆ ಹೋಗಲಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಸೊರಬದಲ್ಲಿರುವ ನನ್ನ ಅಕ್ಕನಿಗೆ ಕೊಡಲಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ನಾನು ಆ ಪುಸ್ತಕವನ್ನು ಕೊಂಡಿಲ್ಲ, ಗೇಣಿಗೆ ಹಿಡಿದಿದ್ದೇನೆ. ಉಳುವುದಷ್ಟೇ ನನ್ನ ಪಾಲು, ಪಹಣಿ ಬೇರೆಯವರ ಹೆಸರಿನಲ್ಲಿದೆ.

ಶಿಕಾರಿಪುರದಲ್ಲಿ ನನ್ನದೊಂದು ಬೀಜ, ಗೊಬ್ಬರದ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕಾದಂಬರಿ ಓದುವುದು ನನ್ನ ಚಟ. ಗಿರಾಕಿ ಬಂದಾಗಲೂ ಓದುತ್ತೇನೆ ಎಂಬುದು ಹೆಂಡತಿ ಗಿರಿಜೆಯ ದೂರು. ಈ ಚಟ ಹತ್ತಿಸಿದವಳು ಅಕ್ಕ. ಚಿಕ್ಕಂದಿನಲ್ಲಿ ಮನೆಗೆ ಬರುವ ಪುಸ್ತಕ ಒಂದೇ, ಓದುವವರು ಇಬ್ಬರು, ಕಾಯುವ ತಾಳ್ಮೆ ಒಬ್ಬರಿಗೂ ಇಲ್ಲ. ಹಾಗಾಗಿ ಅಕ್ಕಪಕ್ಕ ಬೋರಲು ಮಲಗಿ ಒಟ್ಟಿಗೇ ಓದುತ್ತಿದ್ದೆವು. ಅವಳ ಓದು ಬಿರುಸು. ಪುಟದ ಕೊನೆ ಮುಟ್ಟಿದವಳೇ ಮೂಲೆಯನ್ನು ಎರಡು ಬೆರಳಿನಲ್ಲಿ ಹಿಡಿದು "ತಿರುವ್ಲಾ?" ಎಂದು ಕೇಳುವಳು. ನಾನು "ತಡಿ, ತಡಿ" ಎನ್ನುವೆ. ಕಥೆಯಲ್ಲಿ ಕೊಲೆಯೇ ಆಗುತ್ತಿರಲಿ, ನಾನು ಹೂಂ ಎನ್ನುವ ತನಕ ಅವಳು ಪುಟ ತಿರುವಿದವಳಲ್ಲ.

ಮದುವೆಯಾಗಿ ಅವಳು ಸೊರಬಕ್ಕೆ ಹೋದ ಮೇಲೆ ನಮ್ಮ ಪುಸ್ತಕಗಳು ಬಸ್ಸು ಹತ್ತಿದವು. ನಾನು ಓದಿ ಮುಗಿಸಿದ್ದನ್ನು ಬಟ್ಟೆಯ ಚೀಲಕ್ಕೆ ಹಾಕಿ ಶಿರಾಳಕೊಪ್ಪದ ಮೇಲೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು. ಅವನು ಸೊರಬದ ಬಸ್ ನಿಲ್ದಾಣದ ಹೂವಿನಂಗಡಿಯಲ್ಲಿ ಇಳಿಸಿ ಹೋಗುವುದು. ಚೀಲ ವಾಪಸು ಬಂದಾಗ ಪುಸ್ತಕದ ಅಂಚುಗಳ ತುಂಬ ಅಕ್ಕನ ಪೆನ್ಸಿಲ್ ಬರಹ ಇರುತ್ತಿತ್ತು. ನಾಯಕಿ ಮೋಸಗಾರನನ್ನು ನಂಬಿದರೆ, "ಇವಳಿಗೆ ಹೇಳುವವರು ಯಾರೂ ಇಲ್ಲವೇ?" ಯಾರಾದರೂ ಎರಡು ಪುಟ ಅತ್ತರೆ, "ಸರಿ, ಅಡುಗೆ ಯಾರು ಮಾಡುತ್ತಾರೆ?" ಆ ಬರಹಕ್ಕಾಗಿಯೇ ನಾನು ಓದಿದ ಪುಸ್ತಕವನ್ನು ಮತ್ತೊಮ್ಮೆ ಓದುತ್ತಿದ್ದೆ.

ಹೋದ ವರ್ಷ ಕಳಿಸಿದ ಒಂದು ಕಾದಂಬರಿ ವಾಪಸು ಬಂತು. "ಚೆನ್ನಾಗಿತ್ತು ಕಣೋ" ಎಂದು ಅಕ್ಕ ಫೋನ್ ಮಾಡಿದಳು. ತೆರೆದು ನೋಡಿದರೆ ಒಂದೇ ಒಂದು ಪೆನ್ಸಿಲ್ ಗೆರೆಯಿಲ್ಲ. ಅವಳ ಸೊಸೆ ಸುಮಳನ್ನು ಕೇಳಿದೆ. ಅತ್ತೆಗೆ ಸಣ್ಣ ಅಕ್ಷರ ಕಾಣುತ್ತಿಲ್ಲ, ಕನ್ನಡಕ ಬದಲಿಸಿದರೂ ಪ್ರಯೋಜನವಾಗಿಲ್ಲ, ನಿಮಗೆ ಹೇಳಬೇಡ ಎಂದಿದ್ದಾರೆ ಎಂದಳು. ಅಕ್ಕ ಊಟ ಬಿಟ್ಟಿದ್ದಾಳೆ ಎಂದಿದ್ದರೂ ನನಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಓದದ ಅಕ್ಕ ಹೇಗಿರುತ್ತಾಳೆ ಎಂದು ನನಗೆ ಗೊತ್ತೇ ಇಲ್ಲ.

ಸುಮಳ ಹತ್ತಿರ ಹಳೆಯದೊಂದು ಟ್ಯಾಬ್ ಇತ್ತು. ಅದರಲ್ಲಿ ಅಕ್ಷರವನ್ನು ಹುಣಸೆಬೀಜದಷ್ಟು ದೊಡ್ಡದು ಮಾಡಬಹುದು ಎಂದು ತಿಳಿದಾಗ ನಾನು ಕುಣಿಯುವುದೊಂದು ಬಾಕಿ. ಕೂಡಲೇ ಹೊಸ ಕಾದಂಬರಿಯೊಂದರ ಇ-ಪುಸ್ತಕವನ್ನು ನನ್ನ ಫೋನಿನಲ್ಲಿ ಕೊಂಡೆ. ಸೊರಬಕ್ಕೆ ಕಳಿಸಲು ಹೋದರೆ ಅದು ಜಪ್ಪಯ್ಯ ಎಂದರೂ ಹೊರಡಲಿಲ್ಲ. ಕೊನೆಗೆ ಮೊಬೈಲ್ ಅಂಗಡಿಯ ಇರ್ಫಾನ್ ಮುಂದೆ ಹಿಡಿದೆ.

"ಇದಕ್ಕೆ ಬೀಗ ಹಾಕ್ಯಾರ ಅಣ್ಣಾರೆ. ನಿಮ್ಮ ಹೆಸರಿಗಷ್ಟೇ ತೆರೀತೈತಿ."

"ನಮ್ಮಕ್ಕ ನನಗೆ ಬೇರೆ ಏನಪ್ಪಾ?"

"ಬ್ಯಾರೆ ಅಲ್ಲ ಅಂತ ನನಗೆ ಗೊತ್ತೈತ್ರಿ. ಫೋನಿಗೆ ಗೊತ್ತಿಲ್ಲಲ್ಲ!"

ಅಂಗಡಿಗೆ ಬಂದು ಬೀಗ ಹಾಕಿದವರನ್ನು ಮನಸ್ಸಿನಲ್ಲೇ ಬೈಯುತ್ತ ಕೂತಿದ್ದಾಗ ಬಂದಳಿಕೆಯ ಚನ್ನಬಸಪ್ಪ ಮೆಕ್ಕೆಜೋಳದ ಬೀಜಕ್ಕೆ ಬಂದ. "ಹ್ವಾದ ವರ್ಷದ ತೆನೀನೇ ಎತ್ತಿಟ್ಟು ಬಿತ್ತಿದ್ರೆ ಯಾಕ್ ಬರಂಗಿಲ್ಲ ಸಾವ್ಕಾರ್ರೇ?" ಎಂದು ವರ್ಷವೂ ಕೇಳುವುದನ್ನೇ ಕೇಳಿದ. ನಾನೂ ವರ್ಷವೂ ಹೇಳುವುದನ್ನೇ ಹೇಳಿದೆ: "ಅದು ಹೈಬ್ರಿಡ್ ಐತಪ್ಪ. ಎರಡನೇ ಸಲ ಹಂಗೇ ಬರಲ್ಲ. ವರ್ಷಾ ವರ್ಷಾ ಹೊಸದೇ ತಗೋಬೇಕು." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಇಷ್ಟು ವರ್ಷ ನಾನು ಮಾರುತ್ತಿರುವುದೂ ಒಂದು ಬಗೆಯ ಬೀಗ ಹಾಕಿದ ಮಾಲೇ! ಅದರಿಂದಲೇ ನನ್ನ ಮನೆಯ ಒಲೆ ಉರಿಯುತ್ತಿದೆ. ಹಾಗಿದ್ದ ಮೇಲೆ ಕಾದಂಬರಿ ಬರೆದವರ ಮನೆಯಲ್ಲೂ ಒಲೆ ಉರಿಯಬೇಡವೇ? ಒಂದು ಪ್ರತಿ ಕೊಂಡು ಇಡೀ ತಾಲ್ಲೂಕಿಗೆ ಹಂಚಿದರೆ ಅವರೇನು ತಿನ್ನಬೇಕು? ಬೈಗಳನ್ನು ಅರ್ಧಕ್ಕೇ ನಿಲ್ಲಿಸಿದೆ.

ಹಿಂದಿನವರ ದಾರಿಯೇ ಬೇರೆ. ಬಂದಳಿಕೆ, ಕುಬಟೂರಿನ ದೇವಸ್ಥಾನಗಳ ಹತ್ತಿರ ಶಾಸನದ ಕಲ್ಲುಗಳು ನಿಂತಿವೆಯಲ್ಲ, ಅಂಥ ಶಾಸನಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಶಾಪವಿರುತ್ತದೆ. ಇದಕ್ಕೆ ಕೇಡು ಬಗೆದವನು ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ ಎಂಬ ಧಾಟಿಯದು. ಆದರೆ ಓದಿದವನಿಗೆ, ನಕಲು ಮಾಡಿಕೊಂಡವನಿಗೆ ಯಾವ ಶಾಪವೂ ಇಲ್ಲ. ಆ ಕಲ್ಲಿಗೆ ಇರುವುದು ಅಳಿಸಿಬಿಡುವವರ ಭಯ ಮಾತ್ರ. ಯಾರು ಬೇಕಾದರೂ ಹೋಗಿ ಎಷ್ಟು ಹೊತ್ತು ಬೇಕಾದರೂ ಎದುರು ನಿಂತು ಓದಬಹುದು. ಒಂದೇ ತೊಂದರೆ, ಅದನ್ನು ಬಸ್ಸಿಗೆ ಹಾಕಲು ಬರುವುದಿಲ್ಲ.

ಬಸ್ಸು ಎಂದ ಕೂಡಲೇ ನನಗೆ ಹೊಳೆಯಿತು. ಪುಸ್ತಕ ಫೋನಿನಿಂದ ಹೊರಗೆ ಬರುವುದಿಲ್ಲವಾದರೆ ಫೋನೇ ಸೊರಬಕ್ಕೆ ಹೋಗಲಿ! ಮರುದಿನ ಬೆಳಿಗ್ಗೆ ಫೋನನ್ನು ಟವೆಲ್‌ನಲ್ಲಿ ಸುತ್ತಿ, ಅದೇ ಬಟ್ಟೆಯ ಚೀಲಕ್ಕೆ ಹಾಕಿ, ಅದೇ ಕಂಡಕ್ಟರ್ ಕೈಗೆ ಕೊಟ್ಟು ಬಂದೆ. ಪುಸ್ತಕಕ್ಕೆ ಬೀಗವಿದ್ದರೂ ನನ್ನ ಫೋನಿಗೆ ನಾನು ಎಂದೂ ಬೀಗ ಹಾಕಿದವನಲ್ಲ.

ಬಿತ್ತನೆಯ ಕಾಲದಲ್ಲಿ ಬೀಜದಂಗಡಿಯವನ ಫೋನು ಊರು ಬಿಟ್ಟರೆ ಏನಾಗುತ್ತದೆ ಎಂದು ನನಗೆ ಅಂದು ಗೊತ್ತಾಯಿತು. ಗೊಬ್ಬರ ಬಂದಿದೆಯೇ ಎಂದು ಕೇಳುವ ರೈತರ ಕರೆಗಳೆಲ್ಲ ಸೊರಬದಲ್ಲಿ ಅಕ್ಕನಿಗೆ ಹೋದವು. ಅವಳು ಒಂದನ್ನೂ ಬಿಡದೆ ಎತ್ತಿ, ಗೊಬ್ಬರದ ವಿಷಯ ತನಗೆ ಗೊತ್ತಿಲ್ಲವೆಂದು ಹೇಳಿ, ಮಳೆ ಹೇಗೆ, ಮನೆಯಲ್ಲಿ ಎಲ್ಲರೂ ಆರೋಗ್ಯವೇ ಎಂದು ವಿಚಾರಿಸಿಕೊಂಡಳಂತೆ. "ನಿಮ್ಮ ಅಕ್ಕಾರು ನಿಮಗಿಂತ ಚಲೋ ಮಾತಾಡ್ತಾರ್ರಿ" ಎಂದು ಇಬ್ಬರು ಅಂಗಡಿಗೇ ಬಂದು ಹೇಳಿ ಹೋದರು. ಗಿರಿಜೆ ಸುಮ್ಮನಿರುತ್ತಾಳೆಯೇ? "ಮುಂದಿನ ಸಲ ಅಕ್ಕಾರಿಗೆ ಧಾರಾವಾಹಿ ತೋರಿಸ್ಬೇಕು ಅನ್ಸಿದ್ರೆ ಟಿ.ವಿ.ನೂ ಬಸ್ಸಿಗೆ ಹಾಕಿಬಿಡ್ರಿ" ಎಂದಳು.

ಸಂಜೆ ಗಿರಿಜೆಯ ಫೋನಿಗೆ ಸುಮ ಕರೆ ಮಾಡಿದಳು. "ಮಾವ, ನಿಮ್ಮ ಖಾತೆನ ಇನ್ನೊಂದೆರಡು ಕಡೆ ತೆರೆಯೋಕೆ ಪುಸ್ತಕ ಮಾರಿದವರೇ ಬಿಡ್ತಾರಂತೆ. ಅದಕ್ಕೊಂದು ನಂಬರ್ ನಿಮ್ಮ ಫೋನಿಗೇ ಬರತ್ತೆ. ಫೋನ್ ಹೆಂಗೂ ಇಲ್ಲೇ ಇದ್ಯಲ್ಲ, ಅತ್ತೆ ಟ್ಯಾಬಿಗೆ ಹಾಕಿಬಿಡ್ಲಾ?" ಹಾಕಮ್ಮ ಎಂದೆ. ಬೀಗ ಹಾಕಿದವರು ಮನೆಮಂದಿಗೆಂದು ಇನ್ನೊಂದು ಕೀಲಿಯನ್ನೂ ಇಟ್ಟಿದ್ದರು. ಅದು ಇರುವುದು ನನಗೆ ತಿಳಿಯಲು ಫೋನು ಬಸ್ಸು ಹತ್ತಬೇಕಾಯಿತು.

ಫೋನು ವಾಪಸು ಬಂದ ಮೇಲೆ ಒಂದು ದಿನ ಪುಸ್ತಕ ತೆರೆದರೆ, ನೀವು ಇನ್ನೂ ಮುಂದಿನ ಪುಟದ ತನಕ ಓದಿದ್ದೀರಿ, ಅಲ್ಲಿಗೆ ಹೋಗಬೇಕೇ ಎಂದು ಕೇಳಿತು. ನಾನೆಲ್ಲಿ ಓದಿದ್ದೆ! ಓದಿದವಳು ಅಕ್ಕ. ಅವಳು ಎಲ್ಲಿದ್ದಾಳೆ ಎಂಬುದನ್ನು ಪುಸ್ತಕವೇ ಹೇಳುತ್ತಿದೆ ಎಂದು ತಿಳಿದಾಗ ನನ್ನ ಕಣ್ಣು ತುಂಬಿ ಬಂತು. ಆಮೇಲೆ ದಿನವೂ ಅಂಗಡಿ ತೆರೆದು ದೀಪ ಹಚ್ಚಿದವನೇ ಫೋನು ನೋಡುತ್ತಿದ್ದೆ. ಅಕ್ಕ ಮುಂದೆ ಹೋಗಿದ್ದಾಳೆ, ನಾನು ಹಿಂದಿನಿಂದ ಹೋಗಿ ಅವಳನ್ನು ಕೂಡಿಕೊಳ್ಳುತ್ತೇನೆ. ಅವಳನ್ನು ದಾಟಿ ಮಾತ್ರ ಹೋಗುತ್ತಿರಲಿಲ್ಲ.

ಹೀಗಿರುವಾಗ ಅಕ್ಕ ತಲುಪಿದ್ದ ಒಂದು ಅಧ್ಯಾಯದ ಕೊನೆಗೆ ನಾನೂ ಬಂದು ನಿಂತೆ. ಮರುದಿನ ಪುಸ್ತಕ ಏನೂ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಟ್ಯಾಬ್ ಕೆಟ್ಟಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ವಾರವಾಯಿತು. ಹುಣಸೆಬೀಜದಷ್ಟು ದೊಡ್ಡ ಅಕ್ಷರವೂ ಈಗ ಕಾಣದಾಯಿತೇನೋ ಎಂದು ಹೆದರಿಕೆಯಾಯಿತು. ಕೇಳಲು ಧೈರ್ಯವಿಲ್ಲ. ಕೇಳಿದರೆ "ಚೆನ್ನಾಗಿತ್ತು ಕಣೋ" ಎಂದುಬಿಟ್ಟರೆ?

ಕೊನೆಗೆ ತಡೆಯಲಾರದೆ ಅಂಗಡಿಯಿಂದಲೇ ಫೋನ್ ಮಾಡಿದೆ. "ಅಕ್ಕಾ, ಕಣ್ಣು ಹೆಂಗೈತಿ?"

"ಕಣ್ಣಿಗೆ ಎಂತ ಆಗಿದೆ? ಚೆನ್ನಾಗೇ ಇದೆ."

"ಮತ್ಯಾಕೆ ಓದೋದು ನಿಲ್ಲಿಸೀಯ?"

"ನಾನೆಲ್ಲಿ ನಿಲ್ಲಿಸಿದೆ ಮಾರಾಯ? ನಿಂಗೋಸ್ಕರ ಕಾಯ್ತಾ ಕೂತಿದೀನಿ. ನೀನು ಮುಂದೆ ಹೋದ್ರೆ ಇದು ಹೇಳತ್ತೆ ಅಂತ ಸುಮ ಅಂದ್ಲು. ಹೇಳ್ಲೇ ಇಲ್ಲ. ಬಿತ್ತನೆ ಕಾಲ, ಅಂಗಡೀಲಿ ಜನ ಇರ್ತಾರೆ, ಇನ್ನೂ ಈ ಅಧ್ಯಾಯ ಮುಗ್ಸಿಲ್ಲ ಅಂದ್ಕೊಂಡೆ."

"ನಾನು ಮುಗಿಸಿ ವಾರ ಆತು. ನಿನ್ನನ್ನೇ ಕಾಯಾಕತ್ತೀನಿ."

ಒಂದೇ ಪುಟದ ಕೊನೆಯಲ್ಲಿ, ಒಬ್ಬಳು ಸೊರಬದಲ್ಲಿ, ಒಬ್ಬ ಶಿಕಾರಿಪುರದಲ್ಲಿ, ವಾರವಿಡೀ ಕೂತಿದ್ದೆವು. ಆ ಪುಸ್ತಕದ ಲೆಕ್ಕದಲ್ಲಿ ಅಲ್ಲಿ ಇಬ್ಬರಿಲ್ಲ. ಒಂದೇ ಖಾತೆ, ಓದುವ ಜೀವವೂ ಒಂದೇ. ಅಕ್ಕ ಬೇರೆಯಲ್ಲ ಎಂಬುದು ಫೋನಿಗೆ ಗೊತ್ತಿಲ್ಲ ಎಂದಿದ್ದ ಇರ್ಫಾನ್. ಈಗ ಅದಕ್ಕೂ ಗೊತ್ತಾದಂತಿದೆ.

ಆ ಕಡೆಯಿಂದ ಅಕ್ಕನ ದನಿ ಕೇಳಿತು. "ಹಂಗಾದ್ರೆ ತಿರುವ್ಲಾ?"

ಗಿರಾಕಿಯೊಬ್ಬ ಬಂದು ಗಲ್ಲಾಪೆಟ್ಟಿಗೆಯ ಮುಂದೆ ನಿಂತಿದ್ದ. ಅವನಿಗೆ ತಡಿ ಎಂದು ಕೈಸನ್ನೆ ಮಾಡಿ, ಅಕ್ಕನಿಗೆ ಹೂಂ ಎಂದೆ.