ಹೂಂ ಅಂದರಲ್ಲ ಮೇಡಂ

ನಾನು ನೀತಿ ಪಾಠ ಮಾಡುತ್ತೇನೆ ಎಂದು ಗೊತ್ತಾದರೆ ಬಸ್ಸಿನಲ್ಲಿ ಪಕ್ಕ ಕೂತವರು ತುಸು ಸರಿದು ಕೂರುತ್ತಾರೆ. ಅವರು ಹೆದರಬೇಕಾಗಿಲ್ಲ. ಇಟ್ಟಮಡುವಿನಿಂದ ಜಯನಗರದ ಫಿಸಿಯೋಥೆರಪಿ ಕಾಲೇಜು ತಲುಪುವಷ್ಟರಲ್ಲಿ ನನ್ನ ನೀತಿಯೆಲ್ಲ ಸಿಗ್ನಲ್‌ಗಳಲ್ಲೇ ಸವೆದುಹೋಗಿರುತ್ತದೆ.

ಸುಳ್ಳು ತಪ್ಪು, ಕಳ್ಳತನ ತಪ್ಪು ಎಂಬುದನ್ನು ಮಕ್ಕಳು ಮನೆಯಿಂದಲೇ ಕಲಿತು ಬಂದಿರುತ್ತಾರೆ. ‘ಇಲ್ಲೊಂದು ಪ್ರಶ್ನೆ ಇದೆ’ ಎಂದು ಅವರಿಗೆ ಕಾಣುವಂತೆ ಮಾಡುವುದೇ ಕಷ್ಟ. ಸಂಶಯ ಹುಟ್ಟದೆ ವಿಚಾರ ಹುಟ್ಟದು ಎನ್ನುತ್ತಾರೆ ನಮ್ಮ ತಾರ್ಕಿಕರು. ನನ್ನ ವಿದ್ಯಾರ್ಥಿಗಳಿಗೆ ಸಂಶಯ ಹುಟ್ಟುವುದು ಹಾಜರಾತಿಯ ಬಗ್ಗೆ ಮಾತ್ರ.

ಬಿಟಿಎಂ ಲೇಔಟ್‌ನಲ್ಲಿ ರೂಮು ಮಾಡಿಕೊಂಡಿರುವ ಬಾಗಲಕೋಟೆ ಕಡೆಯ ವೀರೇಶ ನನ್ನ ಒಳ್ಳೆಯ ವಿದ್ಯಾರ್ಥಿ. ಲಕ್ವ ಹೊಡೆದು ನಮ್ಮ ಕಾಲೇಜಿನ ಕ್ಲಿನಿಕ್ಕಿಗೆ ಬರುತ್ತಿದ್ದ ಗಿರಿನಗರದ ಪಾರ್ವತಮ್ಮನವರನ್ನು ಮತ್ತೆ ನಡೆಸುವ ಕೆಲಸ ಅವನದಾಗಿತ್ತು. ಅವರು ಕೋಲು ಬಿಟ್ಟು ನಡೆದ ದಿನ ಹಿಗ್ಗಿನಿಂದ ವಿಡಿಯೊ ತೆಗೆದು ಸ್ಟೇಟಸ್‌ಗೆ ಹಾಕಿದ. ತರಗತಿಯಲ್ಲಿ ಅದನ್ನೇ ತೋರಿಸಿ, “ಇದ್ರಲ್ಲಿ ಏನಾದ್ರೂ ಕಾಣ್ಸುತ್ತಾ?” ಎಂದೆ.

“ಸಖತ್ತಾಗಿದೆ ಮೇಡಂ” ಎಂದಿತು ಹಿಂದಿನ ಬೆಂಚು.

“ಕೇಳೇ ತಗದೀನ್ರಿ ಮೇಡಂ. ಹೂಂ ಅಂದ್ರಲ್ರಿ” ಎಂದ ವೀರೇಶ.

“ತೆಗೆಯೋಕೆ ಹೂಂ ಅಂದ್ರು. ಎಲ್ರಿಗೂ ತೋರ್ಸೋಕೆ?”

“ಛಲೋ ಸುದ್ದಿ ಅಲ್ಲೇನ್ರಿ?” ಎಂದ. ನನ್ನ ಮುಖ ನೋಡಿ ಅಳಿಸಿದ; ಒಪ್ಪಿ ಅಲ್ಲ.

ಅಷ್ಟರಲ್ಲಿ ವಿಡಿಯೊ ಯಾರದೋ ಫೋನಿನಿಂದ ಮೈಸೂರು ಸೇರಿತ್ತು. ಅಲ್ಲಿ ಪಾರ್ವತಮ್ಮನವರ ಮಗಳು ತುಂಬು ಗರ್ಭಿಣಿ. ಅವಳು ಗಾಬರಿಯಾದಾಳೆಂದು ಮನೆಯವರು ಕಾಯಿಲೆಯ ವಿಷಯವನ್ನೇ ಮುಚ್ಚಿಟ್ಟಿದ್ದರು. ಅಮ್ಮ ಕಾಲೆಳೆಯುವುದನ್ನು ನೋಡಿ ಅವಳು ಫೋನಿನಲ್ಲಿ ಅತ್ತಳಂತೆ.

ಮುಂದಿನ ಸಲ ಕ್ಲಿನಿಕ್ಕಿಗೆ ಬಂದಾಗ ಪಾರ್ವತಮ್ಮ ಬೈಯಲಿಲ್ಲ. ನಾನೂ ಅಲ್ಲೇ ಇದ್ದೆ.

“ಬಾಣಂತನಕ್ಕೆ ನಾನೇ ನಡ್ಕೊಂಡು ಹೋಗಿ ಅವಳ ಮುಂದೆ ನಿಂತ್ಕೊಂಡು, ಹಿಂಗಿಂಗಾಗಿತ್ತು ಕಣೇ ಅಂತ ಹೇಳ್ಬೇಕು ಅಂತಿದ್ದೆ ಕಣಪ್ಪ. ಆ ಸುದ್ದಿ ನಂದಾಗಿತ್ತು.”

“ತಪ್ಪಾತ್ರೀ ಅಜ್ಜಿ” ಎಂದ ವೀರೇಶ.

“ಆಯ್ತು, ಕೈ ಹಿಡ್ಕೋ, ಏಳ್ತೀನಿ” ಎಂದರು ಅವರು.

ನನ್ನ ಪಾಠ ತೋರಿಸಲಾಗದ್ದನ್ನು ಅವರ ಸಂಕಟ ತೋರಿಸಿತು. ಮೇಷ್ಟರಾದವರಿಗೆ ಇದು ಸಮಾಧಾನವೇನಲ್ಲ. ಪ್ರತಿ ವಿದ್ಯಾರ್ಥಿಯ ಕಣ್ಣು ತೆರೆಯಲು ಒಬ್ಬೊಬ್ಬ ಪಾರ್ವತಮ್ಮ ನೋಯಬೇಕೆಂದರೆ ನಾನಿರುವುದಾದರೂ ಯಾತಕ್ಕೆ?

ಮರುವಾರ ಪಾಠ ಮುಗಿಸಿ ಚೀಲ ಹೆಗಲಿಗೇರಿಸಿದ್ದೆ. ವೀರೇಶ ಕೈ ಎತ್ತಿದ. “ಮೇಡಂ, ಪೇಶಂಟ್ ಹೆಸರು, ಕಾಯಿಲೆ ಎಲ್ಲಾ ಕಾರಿಡಾರ್‌ನಾಗ ಜೋರಾಗಿ ಕೂಗ್ತೀವಲ್ರಿ, ಅದು ಸರೀನೇನ್ರಿ?”

ತರಗತಿ ನರಳಿತು. ನನಗೆ ಸೊಂಟ ಬೇರೆ ನೋಯುತ್ತಿತ್ತು. ಚೀಲ ಇಳಿಸಿ, ಕುರ್ಚಿ ಎಳೆದುಕೊಂಡು ಕೂತೆ.