ಮಹಾದೇವಮ್ಮನ ಗೋಡೆ: ಸುಣ್ಣದ ಚುಕ್ಕೆ, ಕೆಮ್ಮಣ್ಣಿನ ಚುಕ್ಕೆ

ಬೆಳಗಿನ ಐದೂವರೆ. ಕಮಲಾಪುರದ ಬಸ್ ನಿಲ್ದಾಣದಲ್ಲಿ ಚಹಾದಂಗಡಿಯವನು ಇನ್ನೂ ಒಲೆ ಊದುತ್ತಿದ್ದಾನೆ. ಮಹಾದೇವಮ್ಮ ಆಗಲೇ ಬುಟ್ಟಿ ಇಳಿಸಿಕೊಂಡು ನಿಂತಿದ್ದಾರೆ. ಒದ್ದೆ ಗೋಣಿಚೀಲದ ಕೆಳಗೆ ಕೆಂಪು ಬಾಳೆಹಣ್ಣು, ಅದರ ಪಕ್ಕದಲ್ಲಿ ಜೋಳದ ಅರಳು ಬೀಸಿ ಮಾಡಿದ ಅಳ್ಳಿಟ್ಟಿನ ಡಬ್ಬಿ. ಕಲಬುರಗಿ ಬಸ್ಸು ಬಂದು ನಿಲ್ಲುತ್ತದೆ. ಕಂಡಕ್ಟರ್ ಬುಟ್ಟಿಯನ್ನು ಮೇಲೆ ಹಾಕಲು ಕೈ ಚಾಚಿದ್ದೇ ತಡ, ಬೈಗುಳ ಶುರು.

"ಮ್ಯಾಲ ಒಗದ್ರ ಹಣ್ಣು ಮೆತ್ತಗಾಗ್ತಾವೋ ಯಪ್ಪಾ! ಸೀಟಿನ ಮ್ಯಾಲ ಅದು ಕುಂದರ್ಲಿ, ನಾ ನಿಂತು ಬರ್ತೀನಿ."

ಬಸ್ಸಿನಲ್ಲಿದ್ದವರು ನಗುತ್ತಾರೆ. ಕಂಡಕ್ಟರನೂ ನಗುತ್ತಾನೆ. ದಿನಾ ಇದೇ ಮಾತು, ದಿನಾ ಇದೇ ನಗು.

ಮಹಾದೇವಮ್ಮನಿಗೆ ಈಗ ಐವತ್ತೆರಡು. ಕಲಬುರಗಿಯ ಶಹಾಬಜಾರದ ಓಣಿಯೊಂದರ ಬಾಲವಾಡಿಯಲ್ಲಿ ಆಯಾ ಆಗಿ ಸೇರಿದ್ದು ಎಂಬತ್ತೇಳನೆಯ ಇಸವಿಯಲ್ಲಿ. ಮೊನ್ನೆಗೆ ಹನ್ನೊಂದು ವರ್ಷ ತುಂಬಿತು. ಗಂಡ ಅಮೋಘಪ್ಪ ಊರಿನ ಬಾಳೆತೋಟವೊಂದರಲ್ಲಿ ಕೆಲಸಕ್ಕಿದ್ದಾರೆ. ಗೊನೆಯಿಂದ ಉದುರಿ ಪೇಟೆಗೆ ಹೋಗದ ಹಣ್ಣೆಲ್ಲ ಬಾಲವಾಡಿಯ ಮಕ್ಕಳ ಪಾಲು. ಇಪ್ಪತ್ತಮೂರು ಮಕ್ಕಳು, ತೊಳೆಯಬೇಕಾದ ನಲವತ್ತಾರು ಕೈ, ಒರೆಸಬೇಕಾದ ಇಪ್ಪತ್ತಮೂರು ಮೂಗು. "ಮೂಗಿನ ಲೆಕ್ಕ ಮಾತ್ರ ಹಿಡೀಬ್ಯಾಡ್ರಿ. ಒಂದೊಂದು ಮೂಗು ದಿನಕ್ಕ ಹತ್ತು ಸಲ ಬರ್ತದ" ಎಂದು ಸೆರಗು ಬಾಯಿಗಿಟ್ಟು ನಗುತ್ತಾರೆ.

ಅವರಿಗೆ ಓದು ಬರಹ ಬಾರದು. ಅದಕ್ಕೇ ಅಡುಗೆಕೋಣೆಯ ಹಿಂದಿನ ಗೋಡೆಯೇ ಅವರ ಪುಸ್ತಕ. ಒಂದೊಂದು ಮಗುವಿಗೆ ಒಂದೊಂದು ಚಿತ್ರ, ಚಿತ್ರದ ಮುಂದೆ ಚುಕ್ಕೆಗಳ ಸಾಲು. ಮಗು ನಕ್ಕು ಆಡಿ ಉಂಡು ಮಲಗಿದ ದಿನ ಸುಣ್ಣದ ಬಿಳಿ ಚುಕ್ಕೆ. ಕಚ್ಚಿ, ಪರಚಿ, ತಟ್ಟೆ ಬೀಸಿ ಎಸೆದ ದಿನ ಕೆಮ್ಮಣ್ಣಿನ ಕೆಂಪು ಚುಕ್ಕೆ. ಒಬ್ಬನಿಗೆ ಕೋಳಿ, ಇನ್ನೊಬ್ಬಳಿಗೆ ಕೊಡ. ಗಂಗೂಗೆ ಮಾತ್ರ ಚೇಳು.

"ಕಚ್ತಿದ್ಳಲ್ರೀ, ಅದಕ್ಕ" ಎಂಬುದು ಅವರ ವಿವರಣೆ.

ಗಂಗೂ ಓಣಿಯ ಮೂಲೆಯಲ್ಲಿ ಹೆರೆದ ಮಂಜುಗಡ್ಡೆಗೆ ಬಣ್ಣದ ಪಾಕ ಸುರಿದು ಬರ್ಫದ ಗೋಲಾ ಮಾರುವ ಮರೆಪ್ಪನ ಮೊಮ್ಮಗಳು. ವಯಸ್ಸು ಐದು ತುಂಬುತ್ತಿತ್ತು, ಒಂದು ಕಡೆ ಐದು ನಿಮಿಷ ಕೂತವಳಲ್ಲ. ಕಿಟಕಿ ಹತ್ತುವಳು, ನೀರಿನ ಹಂಡೆಗೆ ಇಳಿಯುವಳು, ಮಲಗಿದ ಮಕ್ಕಳ ಮೇಲೆ ಓಡುವಳು. ಕಳೆದ ದೀಪಾವಳಿಯ ಹೊತ್ತಿಗೆ ಉಳಿದ ತಾಯಂದಿರು ಬಾಲವಾಡಿಯ ಟೀಚರ್ ವಿಮಲಾಬಾಯಿಯವರ ಮುಂದೆ ಪಟ್ಟು ಹಿಡಿದರು: ಒಂದೋ ಆ ಹುಡುಗಿ, ಇಲ್ಲವೇ ನಮ್ಮ ಮಕ್ಕಳು. ಬೇಸಿಗೆಯೊಳಗೆ ಸುಧಾರಿಸದಿದ್ದರೆ ಹೆಸರು ಹೊಡೆದುಹಾಕುವುದು, ಜೂನ್‌ನಲ್ಲಿ ಶಾಲೆಗೆ ಕಳಿಸುವ ಪಟ್ಟಿಯಲ್ಲೂ ಸೇರಿಸದಿರುವುದು ಎಂದು ತೀರ್ಮಾನವಾಯಿತು.

ಮಹಾದೇವಮ್ಮನಿಗೆ ತಿಳಿದ ಮದ್ದು ಒಂದೇ, ದೃಷ್ಟಿ ತೆಗೆಯುವುದು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸುತ್ತು ಇಳಿಸಿ ಒಲೆಗೆ ಹಾಕುತ್ತಿದ್ದರು. ಮೆಣಸಿನ ಘಾಟಿಗೆ ಕೂಸು ಕೆಮ್ಮಿ ಅಳುತ್ತಿತ್ತು. ಅಳು ನಿಲ್ಲಿಸಲು ಮರೆಪ್ಪನ ಗಾಡಿಯಿಂದಲೇ ತಂದ ಕೆಂಪು ಪೆಪ್ಪರ್‌ಮಿಂಟ್ ಬಾಯಿಗಿಡುತ್ತಿದ್ದರು. ತುಸು ಹೊತ್ತಿಗೆ ಗಂಗೂ ಮತ್ತೆ ಕಿಟಕಿಯ ಮೇಲೆ! ಭಾರಿ ದೃಷ್ಟಿಯೇ ತಾಗಿದೆ ಎಂದುಕೊಂಡ ಮಹಾದೇವಮ್ಮ ವಾರಕ್ಕೊಮ್ಮೆ ಮಾಡುತ್ತಿದ್ದುದನ್ನು ದಿನಕ್ಕೊಮ್ಮೆ ಮಾಡತೊಡಗಿದರು. ದಿನಕ್ಕೊಂದು ಪೆಪ್ಪರ್‌ಮಿಂಟೂ ಆಯಿತು. ಚೇಳಿನ ಮುಂದೆ ಕೆಂಪು ಚುಕ್ಕೆಗಳು ಇರುವೆಗಳಂತೆ ಸಾಲುಗಟ್ಟಿದವು.

ಸಂಕ್ರಾಂತಿ ಕಳೆದ ಮೇಲೆ ಮರೆಪ್ಪ ಕಿರಿಮಗಳ ಕೂಸಿನ ತೊಟ್ಟಿಲ ಕಾರ್ಯಕ್ಕೆಂದು ವಾರದ ಮಟ್ಟಿಗೆ ಸೇಡಂಗೆ ಹೋದ. ಗಂಗೂ ಅಜ್ಜಿಯ ಜೊತೆ ಊರಲ್ಲೇ ಉಳಿದಳು. ಗಾಡಿ ಬಂದ್, ಪೆಪ್ಪರ್‌ಮಿಂಟ್ ಇಲ್ಲ. ದೃಷ್ಟಿ ತೆಗೆದ ಮೇಲೆ ಮಹಾದೇವಮ್ಮ ಅರ್ಧ ಬಾಳೆಹಣ್ಣು ಕೊಟ್ಟರು. ಎರಡನೆಯ ದಿನ ಗಂಗೂ ಕಿಟಕಿ ಮುಟ್ಟಲಿಲ್ಲ. ಮೂರನೆಯ ದಿನ ಕೂತು ಉಂಡಳು. ವಾರದಲ್ಲಿ ಆರು ಬಿಳಿ ಚುಕ್ಕೆ!

"ನನ್ನ ಕೈಗುಣ ಅಂದ್ಕೊಂಡು ಓಣಿ ತುಂಬ ಹೇಳ್ಕೋತ ತಿರಗ್ಯಾಡೀನ್ರೀ" ಎಂದು ಹಣೆ ಬಡಿದುಕೊಳ್ಳುತ್ತಾರೆ. "ಮರೆಪ್ಪ ಬಂದ, ಗಾಡಿ ಬಂತು, ನಾ ಮತ್ತ ಪೆಪ್ಪರ್‌ಮಿಂಟ್ ಕೊಟ್ಟೆ. ಮರುದಿನಾನೇ ಕೆಂಪು ಚುಕ್ಕಿ. ಆವಾಗ ಗ್ವಾಡಿ ಮ್ಯಾಲಿನ ಚುಕ್ಕಿ ಮುಂದ ಕುಂತು ನೋಡೇ ನೋಡೀನಿ. ಉಪ್ಪು ಅದೇ, ಮೆಣಸಿನಕಾಯಿ ಅದೇ, ಕೈ ಅದೇ. ಬ್ಯಾರೆ ಆಗಿದ್ದು ಬಾಯಿಗೆ ಹಾಕಿದ್ದು ಒಂದೇ."

ಅಂದೇ ಜಗತ್ ವೃತ್ತದ ಹತ್ತಿರದ ದವಾಖಾನೆಗೆ ನಡೆದು, ಕೆಂಪು ಪೆಪ್ಪರ್‌ಮಿಂಟನ್ನು ಮುಂದಿಟ್ಟು ಎಲ್ಲ ಹೇಳಿದರು. ಡಾಕ್ಟರ್ ಫಕ್ರುದ್ದೀನ್ ಸಾಹೇಬರು ನಗಲಿಲ್ಲ. ತಿನಿಸಿಗೆ ಹಾಕುವ ಬಣ್ಣ ಎಲ್ಲ ಮಕ್ಕಳನ್ನೂ ಹೀಗೆ ಕುಣಿಸುತ್ತದೆಂದು ಹೇಳಲಾಗದು, ಬಲ್ಲವರಲ್ಲೇ ಇದರ ಬಗ್ಗೆ ಜಗಳವಿದೆ, ಆದರೆ ಕೆಲವು ಮಕ್ಕಳಿಗೆ ಒಗ್ಗದಿರಬಹುದು ಎಂದರು. "ಹದಿನೈದು ದಿನಾ ಬಣ್ಣದ್ದು ಏನೂ ಕೊಡಬ್ಯಾಡ್ರಿ. ಚುಕ್ಕಿ ಹಿಂಗೇ ಇಡ್ರಿ, ಆಮ್ಯಾಲ ನನಗ ಹೇಳ್ರಿ" ಎಂದು ಕಳಿಸಿದರು.

ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮನೆಯಲ್ಲಿ ಗಂಗೂಗೆ ಬಣ್ಣದ ಗೋಲಾ ಕೊಡುತ್ತಿದ್ದವನು ಮರೆಪ್ಪನೇ. ಉಳಿದ ಕೆಂಪು ಪಾಕವೆಲ್ಲ ಸಂಜೆ ಮೊಮ್ಮಗಳ ಲೋಟಕ್ಕೇ. ಅಜ್ಜನ ಪ್ರೀತಿ ಅದು. ಮಾತೆತ್ತಿದ್ದೇ ಅವನು ಸಿಡಿದ.

"ನನ್ನ ಗಾಡಿ ಮ್ಯಾಗಿನ ಬಣ್ಣ ತಿಂದು ಅರ್ಧ ಶಹಾಬಜಾರ ದೊಡ್ಡದಾಗ್ಯಾದ. ಯಾರಿಗೇನಾಗ್ಯಾದ ಯಕ್ಕಾ? ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ."

ಮಹಾದೇವಮ್ಮ ಅವನ ಕೈ ಹಿಡಿದು ಗೋಡೆಯ ಮುಂದೆ ತಂದು ನಿಲ್ಲಿಸಿದರು. ಮರೆಪ್ಪ ಚೇಳಿನಿಂದ ಬೆರಳಾಡಿಸುತ್ತ ಹೋಗಿ ಬಿಳಿ ಚುಕ್ಕೆಗಳ ಹತ್ತಿರ ನಿಂತ.

"ಇವು ಆರು ಯಾವಾಗಿನವು?"

"ನೀ ಸೇಡಂಕ ಹೋಗಿದ್ದಿ ನೋಡಣ್ಣ, ಆವಾಗಿನವು."

ಅವನು ಅಲ್ಲೇ ನೆಲಕ್ಕೆ ಕೂತುಬಿಟ್ಟ. "ಅಂದ್ರ ನಾ ಊರಾಗ ಇಲ್ದಾಗ ನನ್ನ ಕೂಸು ಛಲೋ ಇತ್ತು."

"ನೀ ಅಲ್ಲಣ್ಣ, ನಿನ್ನ ಬಣ್ಣ. ಬಾಯಾಗ ಹಾಕಿದಾಕಿ ನಾನೂ ಇದ್ದೀನಲ್ಲ!"

ಇಬ್ಬರೂ ಅತ್ತರಂತೆ. ಅತ್ತು ಮುಗಿದ ಮೇಲೆ ಮರೆಪ್ಪ ಕೇಳಿದ್ದು ವ್ಯಾಪಾರಿಯ ಪ್ರಶ್ನೆ: ಬಣ್ಣವಿಲ್ಲದ ಗೋಲಾ ಯಾವ ಮಗು ತಿಂದೀತು? ಮರುದಿನದ ಬುಟ್ಟಿಯಲ್ಲಿ ಕಮಲಾಪುರದಿಂದ ಅದಕ್ಕೂ ಉತ್ತರ ಬಂತು. ಚಟ್ನಿಗೆಂದು ಒಣಗಿಸಿಟ್ಟಿದ್ದ, ಹುಳಿಸೊಪ್ಪಿನ ಗಿಡವಾದ ಪುಂಡಿಯ ಕೆಂಪು ಕಾಯಿಯ ಸಿಪ್ಪೆ. ಸಕ್ಕರೆ ಪಾಕದಲ್ಲಿ ಕುದಿಸಿದರೆ ಕುಂಕುಮದಂಥ ಕೆಂಪು, ನಾಲಿಗೆ ಚಪ್ಪರಿಸುವ ಹುಳಿ. ಸಿಹಿ ಅದೇ, ಬರ್ಫ ಅದೇ, ಬದಲಾದದ್ದು ಬಣ್ಣವೊಂದೇ. ಹದಿನೈದು ದಿನದಲ್ಲಿ ಚೇಳಿನ ಮುಂದೆ ಬಿದ್ದದ್ದು ಒಂದೇ ಕೆಂಪು ಚುಕ್ಕೆ. ಅದೂ ಪಕ್ಕದ ಹುಡುಗ ತಾನಾಗಿ ಜಡೆ ಎಳೆದಾಗ ಗಂಗೂ ಅವನನ್ನು ಕಚ್ಚಿದ್ದಕ್ಕೆ. ಈಗ ಮರೆಪ್ಪನ ಗಾಡಿಯ ಮುಂದೆ ದೊಡ್ಡವರೂ "ಪುಂಡಿ ಗೋಲಾ" ಎಂದು ಕೇಳಿ ನಿಲ್ಲುತ್ತಾರೆ.

ಕಳೆದ ಶುಕ್ರವಾರ ವಿಮಲಾಬಾಯಿ ಜೂನ್ ಪಟ್ಟಿ ಓದಿದರು. ಗಂಗೂನ ಹೆಸರು ನಾಲ್ಕನೆಯದು. ಪಟ್ಟು ಹಿಡಿದಿದ್ದ ತಾಯಂದಿರೇ ಮೊದಲು ಚಪ್ಪಾಳೆ ತಟ್ಟಿದರು. ಕೆಮ್ಮಣ್ಣಿನ ಬಟ್ಟಲು ಒಣಗಿ ಬಿರುಕು ಬಿಟ್ಟಿದೆ. ಖುಷಿಯಲ್ಲಿ ಮಹಾದೇವಮ್ಮ ಚೇಳನ್ನು ಅಳಿಸಿ ನವಿಲು ಬರೆಯಲು ಹೋದರೆ ಗಂಗೂ ಗೋಡೆಗೆ ಅಡ್ಡ ನಿಂತಳು. "ಚೇಳೇ ಇರ್ಲಿ. ಅದು ನಂದು!"

ಬಾಲವಾಡಿಯನ್ನು ನಡೆಸುವವರು ಬರುವ ತಿಂಗಳು ಇಡೀ ಕಟ್ಟಡಕ್ಕೆ ಸುಣ್ಣ ಬಳಿಸುತ್ತಿದ್ದಾರೆ. ನಿಮಗೇನು ಬೇಕು ಎಂದು ಮಹಾದೇವಮ್ಮನನ್ನೂ ಕೇಳಿದರಂತೆ. ಸೀರೆ ಕೇಳಲಿಲ್ಲ, ರಜೆ ಕೇಳಲಿಲ್ಲ. ಆ ಒಂದು ಗೋಡೆ ಹಾಗೇ ಬಿಡಿ ಎಂದರು. ಕೆಂಪು ಚುಕ್ಕೆಗಳನ್ನಾದರೂ ಅಳಿಸೋಣವೇ ಎಂದರೆ ಅದಕ್ಕೂ ಒಪ್ಪಲಿಲ್ಲ.

"ಅವು ನನ್ನ ತಪ್ಪುರೀ, ಇರ್ಲಿ" ಎನ್ನುತ್ತ ಖಾಲಿ ಬುಟ್ಟಿಯನ್ನು ಸೊಂಟಕ್ಕೇರಿಸುತ್ತಾರೆ. "ಖರೆ, ಆ ತಪ್ಪು ಹಿಡದಾಕಿನೂ ನಾನೇ."