ಆಯುಧಪೂಜೆಯ ದಿನದ ಮೆಮೊ

…ಅಥವಾ ಭಾಗ್ಯಮ್ಮ ಬೆರಳಿಟ್ಟದ್ದು ಎರಡನೆಯ ಕಾಗದದ ಮೇಲಲ್ಲವೇನೋ, ಮೂರನೆಯದರ ಮೇಲಿರಬಹುದು. ಮ್ಯಾನೇಜರರ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು ಎಂದು ನೆನಪು. ಆದರೆ ಅದು ಸಂಕ್ರಾಂತಿ ಕಳೆದ ಮೇಲಿನ ಮಾತು, ಆ ಚಳಿಯಲ್ಲಿ ಫ್ಯಾನು ಯಾರು ಹಾಕುತ್ತಾರೆ? ನನ್ನ ನೆನಪು ತನಗೆ ಬೇಕಾದ ಸಾಮಾನನ್ನು ತಾನೇ ತಂದು ಜೋಡಿಸಿಕೊಳ್ಳುತ್ತದೆ. ಆದ್ದರಿಂದ ಅನುಮಾನವಿಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ — ಆ ಮೂರು ಮೆಮೊಗಳನ್ನು ಬರೆದವನು ನಾನು. ಮೂರೂ ಸುಳ್ಳು. ಹನ್ನೊಂದು ವರ್ಷ ದುಡಿದಿದ್ದ ಭಾಗ್ಯಮ್ಮನವರ ಕೆಲಸ ಹೋದದ್ದು ಅವುಗಳಿಂದ.

ನಾನು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಪಂಪಿನ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಯಂತ್ರಗಳು ನಮ್ಮ ಸಾಲಿನಲ್ಲಿ ಎಂಟು; ನಾಲ್ಕನೆಯದು ಭಾಗ್ಯಮ್ಮನವರದು. ತಂತಿ ತುಂಡಾಗುವ ಮೊದಲೇ ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು. ಆ ವರ್ಷ ದೀಪಾವಳಿಯ ಮೇಲೆ ಗರ್ಭಕೋಶದ ಆಪರೇಷನ್ನಿಗೆಂದು ಎರಡು ತಿಂಗಳು ರಜೆ ಹಾಕಿದರು. ರಜೆ ಮಂಜೂರಾಗಿತ್ತು, ಆಸ್ಪತ್ರೆಯ ಚೀಟಿ ಸರಿಯಾಗಿತ್ತು. ಆದರೆ ಅದೇ ಎರಡು ತಿಂಗಳಲ್ಲಿ ಒಂದು ದೊಡ್ಡ ಆರ್ಡರು ತಡವಾಯಿತು, ಮ್ಯಾನೇಜರರು ಮೇಲಿನವರಿಂದ ಬೈಸಿಕೊಂಡರು. ಆ ಸಿಟ್ಟು ಇಳಿಯುವುದಕ್ಕೆ ಯಾರಾದರೂ ಒಬ್ಬರು ಬೇಕಾಗಿತ್ತು.

ಭಾಗ್ಯಮ್ಮ ಹಿಂದಿರುಗಿದಾಗ ಮೂರು ತಿಂಗಳು ಭಾರ ಎತ್ತಬಾರದೆಂದು ಡಾಕ್ಟರು ಬರೆದುಕೊಟ್ಟ ಚೀಟಿ ತಂದಿದ್ದರು. ಮ್ಯಾನೇಜರರು ಅದನ್ನು ಓದಿ ನನ್ನ ಕೈಗೆ ಕೊಟ್ಟು, ಅವರನ್ನು ಪ್ಯಾಕಿಂಗಿಗೆ ಹಾಕಲು ಹೇಳಿದರು. ಪ್ಯಾಕಿಂಗ್ ಎಂದರೆ ಇಡೀ ದಿನ ಪೆಟ್ಟಿಗೆ ಎತ್ತುವುದು. ಹಾಕಿದೆ. ನಾಲ್ಕು ದಿನ ಎತ್ತಿದರು. ಐದನೆಯ ದಿನ ಒಂದು ಪೆಟ್ಟಿಗೆಯ ಮೇಲೆ ಕೂತು, ಕಿಬ್ಬೊಟ್ಟೆ ಒತ್ತಿಹಿಡಿದುಕೊಂಡು, ತಮ್ಮನ್ನು ನಾಲ್ಕನೇ ನಂಬರಿಗೆ ವಾಪಸ್ ಕಳಿಸಬೇಕೆಂದು ಕೇಳಿಕೊಂಡರು. ಕೇಳಿ ನೋಡುತ್ತೇನೆ ಅಂದೆ. ಕೇಳಿದೆನೆ? ಕೇಳಿದೆ ಎಂದು ನೆನಪಿದೆ. ಆ ನೆನಪನ್ನು ನಾನು ನಂಬುವುದಿಲ್ಲ.

ಅದೇ ವಾರ ಮ್ಯಾನೇಜರರು ಒಂದು ಫೈಲು ಬೇಕೆಂದರು. ರಜೆ ಹಾಕಿದ್ದಕ್ಕೆ ತೆಗೆದರು ಅನ್ನುವಂತಿರಬಾರದು. ರಜೆಗೆ ಮೊದಲಿನಿಂದಲೂ ದೂರುಗಳಿದ್ದವು ಅನ್ನುವಂತಿರಬೇಕು. ನಾನು ಹಳೆಯ ತಾರೀಕು ಹಾಕಿ ಮೂರು ಮೆಮೊ ಬರೆದೆ. ಮೂರರ ಕೆಳಗೂ ‘ಸಹಿ ಮಾಡಲು ನಿರಾಕರಿಸಿದ್ದಾರೆ’ ಎಂದು ಬರೆದೆ — ಕೊಡದೇ ಇದ್ದ ಮೆಮೊಗೆ ಸಹಿ ಎಲ್ಲಿಂದ ಬರಬೇಕು? ಒಂದರಲ್ಲಿ, ನಾಲ್ಕನೇ ನಂಬರ್ ಯಂತ್ರವನ್ನು ಚಾಲೂ ಇಟ್ಟು ಹೊರಗೆ ಹೋಗಿ ಕೆಡಿಸಿದರು ಎಂದಿತ್ತು. ಅದಕ್ಕೆ ನಾನು ಹಾಕಿದ್ದು ಹಿಂದಿನ ಆಯುಧಪೂಜೆಯ ತಾರೀಕು.

ಆಯುಧಪೂಜೆಯ ದಿನ ನಮ್ಮಲ್ಲಿ ಒಂದು ಸ್ವಿಚ್ಚನ್ನೂ ಯಾರೂ ಮುಟ್ಟುವುದಿಲ್ಲ. ಒರೆಸಿದ ಯಂತ್ರಗಳಿಗೆ ಅರಿಸಿನ ಕುಂಕುಮ, ಸೇವಂತಿಗೆ ಹಾರ. ಸಾಲಿನ ಮುಂದೆ ಬೂದುಗುಂಬಳ ಒಡೆಯುವುದು ಸೂಪರ್‌ವೈಸರನ ಕೆಲಸ. ಆಮೇಲೆ ಸಿಹಿಯ ಪೊಟ್ಟಣ ಹಿಡಿದು ಎಲ್ಲರೂ ಮನೆಗೆ. ಓಡದೇ ಇದ್ದ ಯಂತ್ರವನ್ನು ನಾನು ಕಾಗದದ ಮೇಲೆ ಓಡಿಸಿ ಕೆಡಿಸಿದ್ದೆ.

ಮ್ಯಾನೇಜರರು ಭಾಗ್ಯಮ್ಮನವರನ್ನು ಕೋಣೆಗೆ ಕರೆಸಿದರು. ತಾವಾಗಿ ರಾಜೀನಾಮೆ ಕೊಟ್ಟರೆ ಮರ್ಯಾದೆ ಉಳಿಯುತ್ತದೆ ಎಂದು ಹೇಳಿ, ಮೂರು ಮೆಮೊಗಳನ್ನು ಮೇಜಿನ ಮೇಲೆ ಸರಿಸಿದರು. ಭಾಗ್ಯಮ್ಮ ನಿಧಾನವಾಗಿ ಓದಿದರು. ಒಂದರ ತಾರೀಕಿನ ಮೇಲೆ ಬೆರಳಿಟ್ಟರು. ಮ್ಯಾನೇಜರರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು.

“ಅವತ್ತು ಮಿಷನ್‌ಗೆ ಹೂ ಹಾಕಿದ್ದು ನಾನು. ಕುಂಬಳಕಾಯಿ ಒಡೆದಿದ್ದು ನೀವು ಸಾರ್.”

ಮೊಬೈಲ್ ನೋಡುತ್ತಿದ್ದ ಮ್ಯಾನೇಜರರು ತಲೆಯೆತ್ತಿ, “ಏನಂತೆ?” ಅಂದರು.

“ಏನಿಲ್ಲ ಸಾರ್,” ಅಂದೆ ನಾನು.

ಇಷ್ಟೇ. ಮೆಮೊಗಳನ್ನು ಒತ್ತಾಯಕ್ಕೆ ಬರೆದೆ ಎಂದಾದರೂ ಹೇಳಬಹುದು. ಈ ಎರಡು ಮಾತನ್ನು ಯಾರೂ ನನ್ನಿಂದ ಹೇಳಿಸಲಿಲ್ಲ. ಅವರು ಬೆರಳು ತೆಗೆದರು. ರಾಜೀನಾಮೆಗೆ ಸಹಿ ಹಾಕಿದರು. ಆಮೇಲೆ ಇನ್ನೊಂದು ಕಾರ್ಖಾನೆಯವರು ಅವರ ಬಗ್ಗೆ ವಿಚಾರಿಸಲು ನಮ್ಮ ಆಫೀಸಿಗೆ ಫೋನ್ ಮಾಡಿದಾಗ, ಮಿಷನ್ ಕೆಡಿಸಿದ ಹೆಂಗಸು ಎಂದು ಉತ್ತರ ಹೋಯಿತು. ನಾನು ಅಲ್ಲೇ ನಿಂತು ಕೇಳಿಸಿಕೊಂಡೆ.

ಅಲ್ಲಿಂದ ಆರು ಆಯುಧಪೂಜೆಗಳಲ್ಲಿ ನಾನು ಭುಜ ನೋವೆಂದು ಹೇಳಿ ಕುಂಬಳಕಾಯಿಯನ್ನು ಬೇರೆಯವರಿಂದ ಒಡೆಸಿದೆ. ನನ್ನ ಭುಜಕ್ಕೆ ಏನೂ ಆಗಿರಲಿಲ್ಲ.

ಹೋದ ವರ್ಷ ನನ್ನ ಎದೆಗೆ ಸ್ಟೆಂಟ್ ಹಾಕಿದರು, ಐದು ವಾರ ರಜೆ. ನನಗೂ ಹಾಗೇ ಆಯಿತು ಎಂದು ನೀವು ಕಾಯುತ್ತಿರಬಹುದು. ಆಗಲಿಲ್ಲ. ಅದೇ ಮ್ಯಾನೇಜರರು ಕುವೆಂಪುನಗರದ ನಮ್ಮ ಮನೆಗೆ ಸೇಬಿನ ಚೀಲ ಹಿಡಿದು ಬಂದು, ಆತುರ ಬೇಡ ಎಂದು ಹೇಳಿ ಹೋದರು. ಕೆಲಸಕ್ಕೆ ಹಿಂದಿರುಗಿದಾಗ ಸಾಲಿನ ತುದಿಯಲ್ಲಿ ನನಗೊಂದು ಕುರ್ಚಿ ಹಾಕಿಸಿದ್ದರು. ನನಗೂ ಅದೇ ಪೆಟ್ಟು ಬಿದ್ದಿದ್ದರೆ ಅಲ್ಲಿಗೆ ಸರಿಹೋಯಿತು ಅಂದುಕೊಂಡು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಬೀಳಲಿಲ್ಲ. ಆ ಕುರ್ಚಿಯ ಎದುರಿಗೇ ಪ್ಯಾಕಿಂಗ್ ಪೆಟ್ಟಿಗೆಗಳು…

ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದೆ. ಹೆಸರು, ಹುದ್ದೆ, ಸಹಿ. ಎರಡು ಪ್ರತಿ ಮಾಡಿ ಒಂದನ್ನು ಕಂಪನಿಯ ಮುಖ್ಯ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ನಿವೃತ್ತಿಗೆ ಎಂಟು ತಿಂಗಳಿತ್ತು. ಹೆಂಡತಿ ಅದನ್ನು ಓದಿ, “ಆರು ವರ್ಷ ಇದನ್ನ ಇಟ್ಕೊಂಡೇ ಉಣ್ತಿದ್ರಾ?” ಎಂದಷ್ಟೇ ಕೇಳಿದಳು.

ಭಾಗ್ಯಮ್ಮ ಮಂಡಿ ಮೊಹಲ್ಲಾದಲ್ಲಿ ಶಾಲೆಯ ಬ್ಯಾಗು ಹೊಲಿಯುವ ಕಡೆ ಇದ್ದಾರೆಂದು ನಮ್ಮ ಸಾಲಿನವರೊಬ್ಬರು ಹೇಳಿದ್ದರು. ಭಾನುವಾರ ಬೆಳಿಗ್ಗೆ ಹೋದೆ. ಅವರಿಗೆ ಕನ್ನಡಕ ಬಂದಿತ್ತು. ನನ್ನನ್ನು ನೋಡಿ ಮಿಷನ್ ನಿಲ್ಲಿಸಿದರು.

“ಏನ್ ಸಾರ್, ದಾರಿ ತಪ್ಪಿ ಬಂದ್ಬುಟ್ರಾ?”

ಹಾಳೆ ಕೊಟ್ಟೆ. ಓದುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು, ಅವತ್ತಿನ ಹಾಗೆಯೇ. ಆಮೇಲೆ, “ಎಲ್ಲಾ ಬರ್ದಿದ್ದೀರಿ. ‘ಏನಿಲ್ಲ ಸಾರ್’ ಅಂದ್ರಲ್ಲ, ಅದೆಲ್ಲಿ?” ಅಂದರು.

ಅದನ್ನು ಬಿಟ್ಟಿದ್ದೆ. ಬೇಕೆಂದು ಬಿಟ್ಟದ್ದಲ್ಲ ಅಂದುಕೊಂಡಿದ್ದೆ. ಅವರ ಹೊಲಿಗೆ ಮೇಜಿನ ಮೇಲೇ ಹಾಳೆಯಿಟ್ಟು, ಅವರು ಕೊಟ್ಟ ಪೆನ್ನಿನಿಂದ ಆ ಮಾತನ್ನೂ ಬರೆದು, ಕೆಳಗೆ ಇನ್ನೊಂದು ಸಹಿ ಹಾಕಿದೆ. ಅವರು ಅದನ್ನು ಮಡಿಸಿ ಒಂದು ಹೊಸ ಬ್ಯಾಗಿನ ಜಿಪ್ಪಿನೊಳಗೆ ಇಟ್ಟರು.

“ಆ ಕೆಲ್ಸ ಈಗ ನಂಗೆ ಬ್ಯಾಡ. ನನ್ ಮಗಳು ಆವಾಗ ಹತ್ತನೇ ಕ್ಲಾಸು. ಅಮ್ಮ ಮಿಷನ್ ಸುಟ್ಟಾಕಿ ಬಂದ್ಲು ಅಂತ್ಲೇ ಇವತ್ತಿಗೂ ತಿಳ್ಕೊಂಡವ್ಳೆ. ಅವ್ಳಿಗೆ ತೋರಿಸ್ತೀನಿ.”

ಪಕ್ಕದ ಮಿಷನ್ನಿನ ಹೆಂಗಸು, ಯಾರಮ್ಮಾ ಇವರು ಎಂದು ಕೇಳಿದರು. “ನನ್ ಹಳೇ ಸೂಪರ್‌ವೈಸರ್ರು ಕಣಮ್ಮ. ಮೆಮೊ ಕೊಡಕ್ಕೆ ಬಂದವ್ರೆ,” ಎಂದು ಭಾಗ್ಯಮ್ಮ ನಕ್ಕರು. ಕ್ಷಮಿಸಿದರೇ? ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಆದರೆ ಆ ನಗು ಕೇಳಿ ನಾನು ಬ್ಯಾಗಿನ ಬಟ್ಟೆಯ ಸುರುಳಿಯ ಮೇಲೆ ಕೂತುಬಿಟ್ಟೆ. ಟೀ ತರಿಸಿದರು. ಅಷ್ಟು ರುಚಿಯಾದ ಟೀ — ಇಲ್ಲ, ಬಹುಶಃ ಎಲ್ಲ ಟೀಯಂತೆಯೇ ಇತ್ತು. ಕುಡಿಯುವವನು ಹಗುರಾಗಿದ್ದ.

ಹೊರಡುವಾಗ ಕೇಳಿದರು: “ಆ ತಾರೀಕು ಬೇಕು ಅಂತ್ಲೇ ಹಾಕಿದ್ರಾ? ಯಾರಾದ್ರೂ ಹಿಡೀಲಿ ಅಂತ?”

ಹೌದು ಅನ್ನಬಹುದಿತ್ತು. ಆ ಸುಳ್ಳು ನನ್ನನ್ನು ಎಷ್ಟೋ ಸಲ ಹೀಗೇ ಕರೆದಿದೆ: ಒಳಗೆಲ್ಲೋ ಒಳ್ಳೆಯವನಿದ್ದೆ, ಸಿಕ್ಕಿಬೀಳಲೆಂದೇ ಒಂದು ತೂತು ಬಿಟ್ಟಿದ್ದೆ. ಆದರೆ ಮೆಮೊ ಬರೆಯುವಾಗ ಗೋಡೆಯ ಮೇಲೆ ಹೊಸ ವರ್ಷದ ಕ್ಯಾಲೆಂಡರ್ ಬಂದಿತ್ತು. ಹಳೆಯ ತಾರೀಕುಗಳನ್ನು ಮೊಬೈಲಿನಲ್ಲಿ ನೋಡಿ ಹಾಕಿದ್ದೆ, ಅದರಲ್ಲಿ ಹಬ್ಬಗಳಿರಲಿಲ್ಲ. ಬರೀ ಅಜಾಗರೂಕತೆಯೂ ಇರಬಹುದು.

“ಗೊತ್ತಿಲ್ಲ ಭಾಗ್ಯಮ್ಮ,” ಅಂದೆ.

“ಆಯ್ತು ಬುಡಿ,” ಅಂದು ಅವರು ಮಿಷನ್ ಶುರು ಮಾಡಿದರು.

ಮುಖ್ಯ ಕಚೇರಿಯವರು ಸೋಮವಾರ ವಿಚಾರಣೆಗೆ ಕರೆದಿದ್ದಾರೆ. ಹೋಗುತ್ತೇನೆ. ಏನು ಮಾಡುತ್ತಾರೋ, ಅದರ ಭಯ ಈಗ ಅಷ್ಟಿಲ್ಲ. ಕೇಳಿದ್ದಕ್ಕೆಲ್ಲ ನನ್ನಲ್ಲಿ ಉತ್ತರವಿದೆ, ಆ ತಾರೀಕಿನದೊಂದನ್ನು ಬಿಟ್ಟು. ಅದು ನನಗೆ ಗೊತ್ತಿಲ್ಲ.